ಟಾಮಿ ಜಾನ್ ಡಾಕ್ಟರಲ್ಲ, ಪೇಷೆಂಟು

ಶಿವಮೊಗ್ಗದ ಓದುಗರೊಬ್ಬರು ಕೇಳಿದ್ದಾರೆ: ‘ಜಪಾನಿನ ಬೇಸ್‌ಬಾಲ್ ಆಟಗಾರ ಶೊಹೆ ಓಟಾನಿಗೆ 2018ರಲ್ಲಿ ಟಾಮಿ ಜಾನ್ ಆಪರೇಷನ್ ಆಯಿತು ಎಂದು ಓದಿದೆ. ಈ ಟಾಮಿ ಜಾನ್ ಅಷ್ಟು ದೊಡ್ಡ ಡಾಕ್ಟರಾ? ಮೊಣಕೈ ಕೊಯ್ಸಿಕೊಂಡವರು ಮತ್ತೆ ಚೆಂಡು ಎಸೆಯೋದುಂಟಾ?’

ಪ್ರಿಯ ಓದುಗರೇ,

ಟಾಮಿ ಜಾನ್ ಡಾಕ್ಟರಲ್ಲ, ಟೇಬಲ್ ಮೇಲೆ ಮಲಗಿದ್ದವರು! ಕೊಯ್ದ ಡಾಕ್ಟರ ಹೆಸರು ಫ್ರಾಂಕ್ ಜೋಬ್. ನೀವು ತಪ್ಪು ತಿಳಿದದ್ದರಲ್ಲಿ ಆಶ್ಚರ್ಯವಿಲ್ಲ, ನಮ್ಮ ಕಚೇರಿಯಲ್ಲೂ ಇಬ್ಬರು ಹಾಗೇ ಅಂದುಕೊಂಡಿದ್ದರು.

ಜಾನ್ 1943ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಹುಟ್ಟಿದ ಎಡಗೈ ಪಿಚರ್. ಪಿಚರ್ ಅಂದರೆ ನಮ್ಮ ಬೌಲರ್ ಇದ್ದ ಹಾಗೆ. ಆದರೆ ಕ್ರಿಕೆಟ್‌ನಲ್ಲಿ ಕೈ ಮಡಚಿ ಎಸೆದರೆ ನೋಬಾಲ್, ಅಲ್ಲಿ ಮಡಚಿಯೇ ಎಸೆಯುವುದು. ಹಾಗಾಗಿ ಭಾರವೆಲ್ಲ ಮೊಣಕೈಯ ಒಳಮಗ್ಗುಲಿಗೆ ಬೀಳುತ್ತದೆ. ಅಲ್ಲಿ ತೋಳಿನ ಮೂಳೆಯನ್ನು ಮುಂಗೈ ಮೂಳೆಗೆ ಕಟ್ಟಿಹಾಕಿರುವ ಒಂದು ಪುಟ್ಟ ನಾರು ಇದೆ. 1974ರ ಜುಲೈ 17ರಂದು ಲಾಸ್ ಏಂಜಲೀಸ್‌ನ ಡಾಜರ್ಸ್ ತಂಡಕ್ಕೆ ಆಡುತ್ತಿದ್ದಾಗ ಜಾನ್ ಅವರ ಆ ನಾರು ಹರಿಯಿತು. ಅವರಿಗೆ ಆಗ 31 ವರ್ಷ. ಬೇಸ್‌ಬಾಲ್‌ನಲ್ಲಿ ತಂಡದ ಗೆಲುವು-ಸೋಲನ್ನು ಪಿಚರ್ ಹೆಸರಿಗೂ ಬರೆಯುತ್ತಾರೆ. ಆ ಸೀಸನ್ನಿನಲ್ಲಿ ಅಲ್ಲಿಯವರೆಗೆ ಅವರ ಹೆಸರಲ್ಲಿ 13 ಗೆಲುವು, ಮೂರೇ ಸೋಲು. ಅಂದರೆ ಒಳ್ಳೇ ಫಾರ್ಮಿನಲ್ಲಿದ್ದಾಗಲೇ ಕೈ ಕೊಟ್ಟಿತು, ಅಕ್ಷರಶಃ.

ಆಗಿನ ಕಾಲಕ್ಕೆ ಅದು ಪಿಚರ್‌ನ ಕೊನೆಯೇ. ಜೋಬ್ ಒಂದು ಹೊಸ ಉಪಾಯ ಹೂಡಿದರು. ನೀವೂ ಒಂದು ಸಲ ಹೆಬ್ಬೆರಳನ್ನು ಕಿರುಬೆರಳಿಗೆ ತಾಗಿಸಿ, ಮಣಿಕಟ್ಟನ್ನು ಒಳಕ್ಕೆ ಸ್ವಲ್ಪ ಬಾಗಿಸಿ ನೋಡಿ. ನಡುವೆ ಒಂದು ದಾರ ಎದ್ದು ಕಾಣುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಅದು ಇರುವುದಿಲ್ಲ, ಗಾಬರಿ ಬೇಡ. ಅದಿಲ್ಲದಿದ್ದರೂ ಕೈ ಆರಾಮಾಗಿ ಕೆಲಸ ಮಾಡುತ್ತದೆ. ಜೋಬ್ ಜಾನ್ ಅವರ ಬಲಗೈಯಿಂದ ಅಂಥದೇ ದಾರ ತೆಗೆದು, ಎಡ ಮೊಣಕೈಯ ಮೂಳೆಗಳಲ್ಲಿ ತೂತು ಕೊರೆದು, ಹುರಿಮಂಚ ಹೆಣೆದ ಹಾಗೆ ಪೋಣಿಸಿ ಬಿಗಿದರು. ಅದು 1974ರ ಸೆಪ್ಟೆಂಬರ್ 25. ಮತ್ತೆ ಆಡುವ ಸಾಧ್ಯತೆ ನೂರಕ್ಕೆ ಒಂದು ಎಂದು ಅವರು ಮೊದಲೇ ಹೇಳಿದ್ದರು.

1975 ಪೂರ್ತಿ ಹೋಯಿತು. ಆಪರೇಷನ್ ಆದ ಮೇಲೆ ನರಕ್ಕೆ ತೊಂದರೆಯಾಗಿ ಬೆರಳುಗಳು ಮಾತು ಕೇಳಲಿಲ್ಲ, ಇನ್ನೊಮ್ಮೆ ಕೊಯ್ಯಬೇಕಾಯಿತು. 1976ರಲ್ಲಿ ವಾಪಸ್ ಬಂದರು: 10 ಗೆಲುವು, 10 ಸೋಲು. ಪರವಾಗಿಲ್ಲ ಅನ್ನುವಂಥದ್ದು, ಅಷ್ಟೇ.

ಮುಂದಿನದ್ದು ನೋಡಿ. ಒಂದು ಸೀಸನ್ನಿಗೆ 20 ಗೆಲುವು ಅಂದರೆ ಪಿಚರ್‌ಗಳ ಲೋಕದಲ್ಲಿ ಶತಕ ಬಾರಿಸಿದಷ್ಟು ಮರ್ಯಾದೆ. ಕೈ ಗಟ್ಟಿಯಿದ್ದಾಗ ಜಾನ್‌ಗೆ ಒಮ್ಮೆಯೂ ಅದು ದಕ್ಕಿರಲಿಲ್ಲ. ತೇಪೆ ಹಾಕಿದ ಕೈಯಲ್ಲಿ ಮೂರು ಸಲ ದಕ್ಕಿತು: 1977ರಲ್ಲಿ 20, ಯಾಂಕೀಸ್ ತಂಡಕ್ಕೆ ಹೋದ ಮೇಲೆ 1979ರಲ್ಲಿ 21, 1980ರಲ್ಲಿ 22. ಹಾಗಂತ ಆಪರೇಷನ್ ಅವರ ಕೈಗೆ ಹೊಸ ವೇಗ ಕೊಟ್ಟಿತು ಅಂದುಕೊಳ್ಳಬೇಡಿ. ಅವರು ಮೊದಲಿನಿಂದಲೂ ವೇಗ ನಂಬಿದವರಲ್ಲ. ಅವರ ಅಸ್ತ್ರ ಸಿಂಕರ್, ಬ್ಯಾಟಿನ ಹತ್ತಿರ ಬಂದು ಕೆಳಗೆ ಇಳಿಯುವ ಚೆಂಡು. ಹೊಡೆದವನು ನೆಲಕ್ಕೇ ಹೊಡೆಯಬೇಕು. 46ನೇ ವಯಸ್ಸಿನವರೆಗೆ, 1989ರ ತನಕ, ಅದನ್ನೇ ಎಸೆದರು. ಒಟ್ಟು 288 ಗೆಲುವುಗಳಲ್ಲಿ 164 ಆಪರೇಷನ್ ಆದ ಮೇಲಿನವು.

ವರ್ಲ್ಡ್ ಸೀರೀಸ್, ಅಂದರೆ ಅಮೆರಿಕದ ಬೇಸ್‌ಬಾಲ್ ಫೈನಲ್, ಗೆಲ್ಲುವ ಯೋಗ ಮಾತ್ರ ಇರಲಿಲ್ಲ. 1977, 1978ರಲ್ಲಿ ಡಾಜರ್ಸ್ ಪರ ಆಡಿ ಯಾಂಕೀಸ್‌ಗೆ ಸೋತರು. ಗೆದ್ದ ಯಾಂಕೀಸ್‌ಗೇ ಸೇರಿದರು. 1981ರಲ್ಲಿ ಆ ಯಾಂಕೀಸ್ ಡಾಜರ್ಸ್‌ಗೆ ಸೋತಿತು. ಇದನ್ನು ಓದಿ ನಾನು ನಕ್ಕುಬಿಟ್ಟೆ, ಆಮೇಲೆ ಪಾಪ ಅನ್ನಿಸಿತು.

ಓಟಾನಿ ಬಗ್ಗೆ ಕೇಳಿದಿರಿ. ಅವರೂ ಪಿಚಿಂಗಿಗೆ ಮರಳಿ, 2021ರಲ್ಲಿ ಅಲ್ಲಿನ ಎರಡು ದೊಡ್ಡ ಲೀಗ್‌ಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನ ಅತ್ಯುತ್ತಮ ಆಟಗಾರ ಆದರು. ಆದರೆ ಆ ಕೈ 2023ರಲ್ಲಿ ಮತ್ತೆ ಕೆಟ್ಟು ಇನ್ನೊಂದು ಆಪರೇಷನ್ ಬೇಕಾಯಿತು. ಹಾಗಾಗಿ ‘ಉಂಟು’ ಅನ್ನಬಹುದು, ಗ್ಯಾರಂಟಿ ಕೊಡಲಾಗದು.

ಕೊನೆಗೆ ನನ್ನದೊಂದು ತಕರಾರು. ಬೇಸ್‌ಬಾಲ್ ದಿಗ್ಗಜರನ್ನು ಗೌರವಿಸುವ ಹಾಲ್ ಆಫ್ ಫೇಮ್‌ಗೆ ಪತ್ರಕರ್ತರ ಮತದಾನದಿಂದ ಹೋಗಲು ಶೇ. 75ರಷ್ಟು ಮತ ಬೇಕು. ಆ ಮತದಾನದಲ್ಲಿ ಜಾನ್‌ಗೆ ಕೊನೆಯ ಅವಕಾಶವಾದ 2009ರಲ್ಲಿ ಸಿಕ್ಕಿದ್ದು ಶೇ. 31.7. 2013ರಲ್ಲಿ ಅದೇ ಸಂಸ್ಥೆ ಡಾ. ಜೋಬ್ ಅವರನ್ನು ಕರೆದು ಗೌರವಿಸಿತು, ಅದು ಸರಿಯೇ. ಪೇಷೆಂಟು ಇನ್ನೂ ಬಾಗಿಲ ಹೊರಗೇ ಇದ್ದಾರೆ.

– ಸಂಪಾದಕ