ಎಫ್8 ಒತ್ತಿದರೂ ಸೇಫ್ ಮೋಡ್ ಬರುತ್ತಿಲ್ಲವೇಕೆ?

ಪ್ರಶ್ನೆ: ಹಳೆಯ ಕಂಪ್ಯೂಟರ್ ಚಾಲೂ ಆಗುವಾಗ ಎಫ್8 ಒತ್ತಿದರೆ ಸೇಫ್ ಮೋಡ್ (ತೊಂದರೆ ಪತ್ತೆಗಾಗಿ ಅತ್ಯಗತ್ಯ ಭಾಗಗಳಷ್ಟೇ ಚಾಲೂ ಆಗುವ ಸ್ಥಿತಿ) ಆಯ್ಕೆ ಕಾಣಿಸುತ್ತಿತ್ತು. ಈಗ ವಿಂಡೋಸ್ 11 ಇರುವ ಲ್ಯಾಪ್‌ಟಾಪಿನಲ್ಲಿ ಎಷ್ಟು ಸಲ ಒತ್ತಿದರೂ ಲಾಗಿನ್ ಪರದೆಯೇ ಬರುತ್ತದೆ. ಎಫ್2 ಒತ್ತಿದರೆ ಸೆಟಪ್ (ಯಂತ್ರದ ಮೂಲ ಹೊಂದಾಣಿಕೆಗಳ ಪರದೆ) ಕೂಡ ತೆರೆಯುವುದಿಲ್ಲ. ಕೀಬೋರ್ಡ್ ಕೆಟ್ಟಿದೆಯೇ?

ಉತ್ತರ: ಪಾಸ್‌ವರ್ಡನ್ನು ಸರಾಗವಾಗಿ ಟೈಪ್ ಮಾಡಲು ಆಗುತ್ತಿದ್ದರೆ ಕೀಬೋರ್ಡನ್ನು ದೂರಬೇಕಾಗಿಲ್ಲ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಎಫ್8ರ ಆ ಸೌಲಭ್ಯವನ್ನು ಪೂರ್ವನಿಯೋಜಿತವಾಗಿಯೇ ನಿಲ್ಲಿಸಲಾಗಿದೆ. ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಇರುವ ಯಂತ್ರಗಳು ಎಷ್ಟು ಬೇಗ ಚಾಲೂ ಆಗುತ್ತವೆಂದರೆ, ಎಫ್2 ಅಥವಾ ಎಫ್8 ಒತ್ತಲು ಸಿಗುವ ಅವಧಿ 200 ಮಿಲಿಸೆಕೆಂಡಿಗಿಂತಲೂ ಕಡಿಮೆ ಎಂದು ಮೈಕ್ರೋಸಾಫ್ಟ್ ಆಗ ವಿವರಿಸಿತ್ತು. ಅಷ್ಟರಲ್ಲಿ ಬೆರಳು ಕೀಲಿಗೆ ತಾಗುವುದು ಅದೃಷ್ಟದ ಮಾತು.

ಇನ್ನೊಂದು ಕಾರಣ ‘ಫಾಸ್ಟ್ ಸ್ಟಾರ್ಟಪ್’. ಇದು ಚಾಲನೆಯಲ್ಲಿರುವಾಗ ನೀವು ಶಟ್ ಡೌನ್ ಮಾಡಿದರೂ ವಿಂಡೋಸಿನ ಮೂಲಭಾಗದ ಸ್ಥಿತಿ ಡಿಸ್ಕಿನಲ್ಲಿ ಉಳಿದು, ಮುಂದಿನ ಸಲ ಅಲ್ಲಿಂದಲೇ ಮುಂದುವರಿಯುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲವೂ ಮೊದಲಿನಿಂದ ಆರಂಭವಾಗುತ್ತದೆ. ಆದ್ದರಿಂದ ಕೀಲಿಗಳನ್ನು ಪ್ರಯತ್ನಿಸುವಾಗ ರೀಸ್ಟಾರ್ಟ್ ಮಾಡುವುದೇ ಲೇಸು.

ನನ್ನ ಸಲಹೆಯೆಂದರೆ, ವಿಂಡೋಸ್ ತೆರೆಯುತ್ತಿರುವವರೆಗೆ ಆ ಓಟದ ಗೊಡವೆಗೇ ಹೋಗಬೇಡಿ. ಲಾಗಿನ್ ಪರದೆಯಲ್ಲಿರುವ ಪವರ್ ಚಿಹ್ನೆಯನ್ನು ಕ್ಲಿಕ್ ಮಾಡಿ, ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದುಕೊಂಡೇ ‘ರೀಸ್ಟಾರ್ಟ್’ ಆಯ್ದುಕೊಳ್ಳಿ. ನೀಲಿ ಪರದೆ ಬಂದಾಗ ‘ಟ್ರಬಲ್‌ಶೂಟ್’, ಅದರೊಳಗೆ ‘ಅಡ್ವಾನ್ಸ್ಡ್ ಆಪ್ಷನ್ಸ್’, ಅಲ್ಲಿಂದ ‘ಸ್ಟಾರ್ಟಪ್ ಸೆಟ್ಟಿಂಗ್ಸ್’ಗೆ ಹೋಗಿ ಮತ್ತೊಮ್ಮೆ ರೀಸ್ಟಾರ್ಟ್ ಮಾಡಿದರೆ ಅಂಕಿಗಳ ಪಟ್ಟಿ ಕಾಣುತ್ತದೆ: 4 ಒತ್ತಿದರೆ ಸೇಫ್ ಮೋಡ್, 5 ಒತ್ತಿದರೆ ಇಂಟರ್ನೆಟ್ ಸಹಿತ ಸೇಫ್ ಮೋಡ್. ನಿಮಗೆ ಬೇಕಾದ ಸೆಟಪ್ ಕೂಡ ‘ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್’ ಎಂಬ ಹೆಸರಿನಲ್ಲಿ ಅದೇ ‘ಅಡ್ವಾನ್ಸ್ಡ್ ಆಪ್ಷನ್ಸ್’ನಲ್ಲಿದೆ. ಡಿಸ್ಕಿಗೆ ಬಿಟ್‌ಲಾಕರ್ ಎಂಬ ವಿಂಡೋಸಿನ ಬೀಗವಿದ್ದರೆ ಇದಕ್ಕೆ ಮೊದಲು ಅದರ 48 ಅಂಕಿಗಳ ರಿಕವರಿ ಕೀಯನ್ನು ಬೇರೆಡೆ ಬರೆದಿಟ್ಟುಕೊಳ್ಳಿ; ಅದನ್ನು ಕೇಳಿದಾಗ ಹುಡುಕುತ್ತ ಕೂರುವುದು ಬೇಡ.

ವಿಂಡೋಸ್ ತೆರೆಯದೇ ಇದ್ದಾಗ ಮಾತ್ರ ಕೀಲಿಗಳೇ ಗತಿ. ಪವರ್ ಗುಂಡಿ ಒತ್ತಿದ ಕ್ಷಣದಿಂದಲೇ ಕೀಲಿಯನ್ನು ಬಿಟ್ಟು ಬಿಟ್ಟು ತಟ್ಟುತ್ತಿರಬೇಕು. ಡೆಲ್ ಯಂತ್ರಗಳಲ್ಲಿ ಎಫ್2 ಸೆಟಪ್ಪಿಗೆ, ಎಫ್12 ಬೂಟ್ ಮೆನುವಿಗೆ (ಯಾವ ಡಿಸ್ಕಿನಿಂದ ಚಾಲೂ ಆಗಬೇಕೆಂದು ಆಯುವ ಪಟ್ಟಿ). ಎಚ್‌ಪಿಯಲ್ಲಿ ಸಾಮಾನ್ಯವಾಗಿ ಎಸ್ಕೇಪ್ ಒತ್ತಿದ ಬಳಿಕ ಸೆಟಪ್ಪಿಗೆ ಎಫ್10, ಬೂಟ್ ಮೆನುವಿಗೆ ಎಫ್9. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮೇಲಿನ ಸಾಲಿನ ಕೀಲಿಗಳು ಧ್ವನಿ, ಬೆಳಕಿನ ಹೊಂದಾಣಿಕೆಗೆ ಮೀಸಲಾಗಿರುವುದರಿಂದ ಎಫ್‌ಎನ್ ಕೀಲಿಯನ್ನೂ ಜೊತೆಗೆ ಒತ್ತಿ ನೋಡಿ. ಬ್ಲೂಟೂತ್ ಕೀಬೋರ್ಡನ್ನು ಈ ಹಂತದಲ್ಲಿ ಹೆಚ್ಚಿನ ಯಂತ್ರಗಳು ಗುರುತಿಸುವುದಿಲ್ಲ.

ಪ್ರಶ್ನೆ: ಮ್ಯಾಕ್‌ನಲ್ಲಿ ಕಮಾಂಡ್ ಮತ್ತು ಆರ್ ಒತ್ತಿದರೆ ರಿಕವರಿ (ದುರಸ್ತಿಯ ಪರದೆ) ಬರುತ್ತದೆ ಎನ್ನುತ್ತಾರೆ. ನನ್ನ ಎಂ1 ಮ್ಯಾಕ್‌ಬುಕ್‌ನಲ್ಲಿ ಏನೂ ಆಗುವುದಿಲ್ಲವಲ್ಲ?

ಉತ್ತರ: ಅದು ಇಂಟೆಲ್ ಚಿಪ್ಪಿನ ಮ್ಯಾಕ್‌ಗಳ ವಿಧಾನ. 2020ರಿಂದ ಬಂದಿರುವ ಆ್ಯಪಲ್‌ನದೇ ಚಿಪ್ಪಿನ ಮ್ಯಾಕ್‌ಗಳಲ್ಲಿ, ಯಂತ್ರವನ್ನು ಪೂರ್ತಿ ಆಫ್ ಮಾಡಿ, ಆರಂಭದ ಆಯ್ಕೆಗಳು ತೆರೆದುಕೊಳ್ಳುತ್ತಿವೆ ಎಂಬ ಸೂಚನೆ ಪರದೆಯಲ್ಲಿ ಮೂಡುವವರೆಗೆ ಪವರ್ ಗುಂಡಿಯನ್ನೇ ಒತ್ತಿ ಹಿಡಿಯಬೇಕು. ಬಳಿಕ ‘ಆಪ್ಷನ್ಸ್’ ಆಯ್ದುಕೊಂಡರೆ ರಿಕವರಿ ತೆರೆಯುತ್ತದೆ.