ದಾಳ ಉರುಳಿಸಿ ಪಾತ್ರವಾಗಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಕತ್ತಿ ಹಿಡಿದು ಮುಂದೆ ನಿಂತು ಕಾದಾಡುವ, ಜೊತೆಗೊಂದು ಪ್ರಾಣಿಯೂ ಇರುವ ಪಾತ್ರವನ್ನು ಕಟ್ಟುವುದು ಹೇಗೆ?

ಐದನೇ ಆವೃತ್ತಿಯಾದರೆ ರೇಂಜರ್ ಎಂಬ ಪಾತ್ರವರ್ಗ ತೆಗೆದುಕೊಂಡು 3ನೇ ಲೆವೆಲ್‌ನಲ್ಲಿ ಅದರ ಬೀಸ್ಟ್ ಮಾಸ್ಟರ್ ಎಂಬ ಉಪವರ್ಗ ಆರಿಸಿ. 2014ರ ಮೂಲ ನಿಯಮ ಮಾತ್ರ ಬೇಡ. ಅದರಲ್ಲಿ ಪ್ರಾಣಿಯಿಂದ ಕಚ್ಚಿಸಬೇಕೆಂದರೆ ನಿಮ್ಮ ಆಕ್ಷನ್ನೇ (ನಿಮ್ಮ ಸರದಿಯ ಮುಖ್ಯ ಕ್ರಿಯೆ) ಹೋಗುತ್ತದೆ. ಆರಂಭದ ಲೆವೆಲ್‌ಗಳಲ್ಲಿ ನೀವು ಕತ್ತಿ ಹಿಡಿದು ಸುಮ್ಮನೆ ನಿಲ್ಲಬೇಕಾಗುತ್ತದೆ. 2020ರಲ್ಲಿ ಬಂದ ಪ್ರೈಮಲ್ ಕಂಪ್ಯಾನಿಯನ್ ನಿಯಮದಲ್ಲಿ ಬೋನಸ್ ಆಕ್ಷನ್ (ಅದೇ ಸರದಿಯ ಹೆಚ್ಚುವರಿ ಸಣ್ಣ ಕ್ರಿಯೆ) ಸಾಕು.

ನೆಲ, ನೀರು, ಆಕಾಶ ಎಂಬ ಮೂರು ಬಗೆಗಳಲ್ಲಿ ನೆಲದ ಪ್ರಾಣಿಯನ್ನೇ ಆರಿಸಿ. ತೋಳವೋ ಚಿರತೆಯೋ, ರೂಪ ನಿಮ್ಮಿಷ್ಟ. ಅದು 20 ಅಡಿ ನೇರವಾಗಿ ನುಗ್ಗಿ ಹೊಡೆದರೆ ಶತ್ರು ಸ್ಟ್ರೆಂತ್ ಸೇವ್ (ಬಲದ ಮೇಲೆ ದಾಳ ಉರುಳಿಸಿ ತಪ್ಪಿಸಿಕೊಳ್ಳುವ ಪರೀಕ್ಷೆ) ಮಾಡಬೇಕು, ತಪ್ಪಿದರೆ ನೆಲಕ್ಕೆ ಬೀಳುತ್ತಾನೆ. ಬಿದ್ದವನ ಪಕ್ಕದಲ್ಲಿರುವ ನಿಮಗೆ ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವ ಅವಕಾಶ! ಹಾಗಾಗಿ ಮೊದಲು ಪ್ರಾಣಿಯನ್ನು ಛೂ ಬಿಡಿ, ಆಮೇಲೆ ನೀವು ಹೊಡೆಯಿರಿ.

ಎರಡು ಕತ್ತಿ ಹಿಡಿಯುವ ಆಸೆ ಬಿಡಿ, ಎರಡನೆಯದಕ್ಕೂ ಅದೇ ಬೋನಸ್ ಆಕ್ಷನ್ ಬೇಕು. ಒಂದು ಕತ್ತಿ, ಒಂದು ಗುರಾಣಿ, ಡ್ಯುಯೆಲಿಂಗ್ ಎಂಬ ಕಾಳಗದ ಶೈಲಿ ಇರಲಿ: ತಗುಲಿದ ಪ್ರತಿ ಏಟಿಗೂ 2 ಡ್ಯಾಮೇಜ್ ಹೆಚ್ಚು. ನಿಮ್ಮ ಪಾತ್ರದ ವಿಸ್ಡಮ್ (ವಿವೇಕದ ಅಂಕ) ಕಡೆಗಣಿಸಬೇಡಿ, ಪ್ರಾಣಿಯ ಏಟು ತಗಲುವುದು ನಿಂತಿರುವುದೇ ಅದರ ಮೇಲೆ. ಪ್ರಾಣಿ ಸತ್ತರೆ ಒಂದು ಗಂಟೆಯೊಳಗೆ ಮುಟ್ಟಿ ಒಂದು ಸ್ಪೆಲ್ ಸ್ಲಾಟ್ (ಮಂತ್ರ ಹಾಕಲು ಇರುವ ಸೀಮಿತ ಅವಕಾಶಗಳಲ್ಲಿ ಒಂದು) ಖರ್ಚು ಮಾಡಿ, ನಿಮಿಷದಲ್ಲಿ ಎದ್ದು ಬರುತ್ತದೆ.