ಪ್ರತಿಕ್ರಿಯೆ: ವೇಳಾಂಕಣಿಗೆ ಯಾವ ದಿನ ಹೊರಡುವುದು?

ಕಾಸರಗೋಡಿನ ಬೇಳದಿಂದ ತಮಿಳುನಾಡಿನ ಕ್ರೈಸ್ತ ಯಾತ್ರಾಸ್ಥಳ ವೇಳಾಂಕಣಿಗೆ ಹೋಗುವವರು ಅಲ್ಲಿನ ಹಬ್ಬದ ದಿನವಾದ ಸೆಪ್ಟೆಂಬರ್ 8ಕ್ಕೇ ಅಲ್ಲಿರಬೇಕೇ ಎಂದು ಕೇಳಿದ್ದೀರಿ. ಬೇಕಿಲ್ಲ. ಅಂದು ನಮ್ಮಲ್ಲೂ ಮರಿಯಮ್ಮನ ಮೊಂತಿ ಹಬ್ಬ, ಹೊಸ ತೆನೆ ಮನೆಗೆ ಬರುವ ದಿನ. ಅಲ್ಲಿನ ಹಬ್ಬ ಶುರುವಾಗುವ ಆಗಸ್ಟ್ 29ರ ಸಂಜೆಯ ಧ್ವಜಾರೋಹಣ ನೋಡಿ ಮರಳಿ. ಸೆಪ್ಟೆಂಬರ್ 7ರ ದೊಡ್ಡ ತೇರಿನ ಜನಜಂಗುಳಿಯ ಹೊತ್ತಿಗೆ ಮಕ್ಕಳು, ವೃದ್ಧರನ್ನು ಕಟ್ಟಿಕೊಂಡು ನಿಲ್ಲುವುದೇ ಕಷ್ಟ.

8ಕ್ಕೆ ಅಲ್ಲಿ ಇಷ್ಟು ಮಹತ್ವ ಬಂದದ್ದು, ಬಿರುಗಾಳಿಗೆ ಸಿಕ್ಕ ಪೋರ್ಚುಗೀಸ್ ನಾವಿಕರು ಮಾತೆ ಮರಿಯಮ್ಮನ ಜನ್ಮದಿನವಾದ ಅಂದೇ ದಡ ಸೇರಿದರೆಂಬ ನಂಬಿಕೆಯಿಂದ. ಅವರು ಕೊಟ್ಟರೆನ್ನುವ ಬೈಬಲ್ ದೃಶ್ಯಗಳ ಪಿಂಗಾಣಿ ತಟ್ಟೆಗಳು ಪೀಠದ ಬಳಿ ಇವೆ, ಹತ್ತಿರ ಹೋಗಿ ನೋಡಿ. 1962ರಲ್ಲಿ ಪೋಪರಿಂದ ಬೆಸಿಲಿಕಾ ಎಂಬ ಗೌರವ ಪಡೆದ ಇಗರ್ಜಿಯನ್ನಷ್ಟೇ ನೋಡಿ ಹೊರಟುಬಿಡುತ್ತಾರೆ ಹಲವರು. ಹಾಲಿನ ಹುಡುಗನಿಗೆ ಮಾತೆ ಕಂಡಳೆನ್ನುವ ಕೊಳ ಮಾತಾ ಕುಳಂ, ಮಜ್ಜಿಗೆ ಮಾರುತ್ತಿದ್ದ, ನಡೆಯಲಾಗದ ಹುಡುಗ ಎದ್ದು ನಡೆದನೆನ್ನುವ ಜಾಗ ನಡುತಿಟ್ಟು, ಎರಡನ್ನೂ ಬಿಡಬೇಡಿ. ಮರಳ ಹಾದಿಯಲ್ಲಿ ಮೊಣಕಾಲೂರಿ ಸಾಗುವ ಹರಕೆಯಿದ್ದರೆ ಬೆಳಗ್ಗೆಯೇ ಮುಗಿಸಿ, ಮಧ್ಯಾಹ್ನ ಮರಳು ಸುಡುತ್ತದೆ.